ಮಾಂಸದಂಗಡಿಯವನ ತರಕಾರಿ ಊಟ

ಜೂನ್ ೪

ಗಿಡ್ಡ,

ನಿನಗೆ ಫೋನ್ ಮಾಡಿ ಮಾಡಿ ನನ್ನ ಬೆರಳು ಸವೆದವು. ಹನ್ನೊಂದು ಸಲ ಮಾಡಿದೆ. ಹತ್ತು ಸಲ ನೀನು ಎತ್ತಲಿಲ್ಲ. ಹನ್ನೊಂದನೆಯ ಸಲ ಅಮ್ಮ ಎತ್ತಿ, "ಅಂಗಡೀಲಿ ಇಲ್ಲ ಅಂತ ಹೇಳು ಅಂದಿದಾನೆ" ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಅದಕ್ಕೇ ಈ ಕಾಗದ. ಫೋನಿನ ಹಾಗೆ ಕಾಗದವನ್ನು ಅರ್ಧಕ್ಕೆ ಕತ್ತರಿಸಿ ಇಡಲು ನಿನಗೂ ಬರುವುದಿಲ್ಲ.

ನಮ್ಮ ಪ್ರಾಣಿ ಆಶ್ರಯ ಕೇಂದ್ರದ ಕಾರ್ಯದರ್ಶಿ ನಿನ್ನ ಅಂಗಡಿಗೆ ಫೋನ್ ಮಾಡಿ, ಈ ಸಲದ ವಾರ್ಷಿಕ ದಿನಕ್ಕೆ ಮಾಂಸ ತರುವುದು ಬೇಡ, ತರಕಾರಿ ಊಟ ಮಾತ್ರ ಎಂದರಂತೆ. ವಿಷಯ ನಿಜ. ಸಭೆಯಲ್ಲಿ ಆ ಮಾತನ್ನು ಎತ್ತಿದವಳೂ ನಾನೇ. ಆದರೆ ನಿನಗೆ ಅದನ್ನು ನಾನು ಹೇಳಬೇಕಿತ್ತು. ತೀರ್ಮಾನವಾಗಿ ಹದಿನೈದು ದಿನ ಕಳೆದಿದ್ದವು. ದಿನಾ ಬೆಳಿಗ್ಗೆ ಇವತ್ತು ಹೇಳುತ್ತೇನೆ ಅಂದುಕೊಳ್ಳುತ್ತಿದ್ದೆ, ಸಂಜೆ ನಾಳೆ ನೋಡೋಣ ಅನ್ನುತ್ತಿದ್ದೆ. ಹುಚ್ಚು ನಾಯಿಯ ಬಾಯಿಗೆ ಕೈ ಹಾಕಿದವಳು ತಮ್ಮನಿಗೆ ಒಂದು ಮಾತು ಹೇಳಲು ಹೆದರಿದೆ.

ಏಳು ವರ್ಷ, ಪ್ರತಿ ವಾರ್ಷಿಕ ದಿನಕ್ಕೂ ನೀನು ಅಂಗಡಿ ಬಿಟ್ಟು ಬಂದೆ. ಮೂರು ದೊಡ್ಡ ಪಾತ್ರೆ ತಂದು ಇಲ್ಲೇ ಇಟ್ಟೆ. ಇನ್ನೂರು ಜನಕ್ಕೆ ಅಡುಗೆ ಮಾಡಿ, ನಿನ್ನ ಕೈಯಾರೆ ಬಡಿಸಿ, ಕೊನೆಗೆ ತಳದಲ್ಲಿ ಉಳಿದದ್ದನ್ನು ತಿಂದು ಬಸ್ಸು ಹತ್ತಿದೆ. ಒಂದು ದಿನವೂ ಏನೂ ಕೇಳಲಿಲ್ಲ. ಅಂಥವನಿಗೆ ಪರರ ಬಾಯಿಂದ "ಬೇಡ" ಎಂಬ ಮಾತು ಬಂದದ್ದು ನನ್ನ ತಪ್ಪು. ಕಾರ್ಯದರ್ಶಿಯ ಮೇಲೆ ಕೋಪ ಮಾಡಿಕೊಳ್ಳಬೇಡ.

ಬೈಯುವುದಿದ್ದರೂ ಬರೆ.

ನಿನ್ನ ಅಕ್ಕ


ಜೂನ್ ೧೯

ಅಕ್ಕನಿಗೆ,

ಅಮ್ಮ ಚೆನ್ನಾಗಿದ್ದಾಳೆ. ಮಂಡಿ ನೋವು ಹಾಗೇ ಇದೆ. ನನ್ನ ಮೂರು ಪಾತ್ರೆ, ಎರಡು ದೊಡ್ಡ ಸೌಟು, ಕಬ್ಬಿಣದ ಒಲೆ ಅಲ್ಲೇ ಇವೆ. ಆ ಕಡೆಯಿಂದ ಯಾವುದಾದರೂ ಗಾಡಿ ಬಂದರೆ ಕಳಿಸಿಕೊಡು. ಇನ್ನು ಅವು ನಿಮಗೆ ಬೇಕಾಗಲಿಕ್ಕಿಲ್ಲ.

ನಿನ್ನ ತಮ್ಮ


ಜೂನ್ ೨೭

ಗಿಡ್ಡ,

ಪಾತ್ರೆ ಸದ್ಯಕ್ಕೆ ಕಳಿಸುವುದಿಲ್ಲ. ಮೊದಲು ನಾನು ಹೇಳುವುದನ್ನು ಕೇಳು.

ಹೋದ ವರ್ಷದ ವಾರ್ಷಿಕ ದಿನ ನೆನಪಿದೆಯಲ್ಲ. ನೀನು ಹಿಂದಿನ ಅಂಗಳದಲ್ಲಿ ಒಲೆ ಹಚ್ಚಿ ಕೂತಿದ್ದೆ. ಸೇತುವೆಯ ಹತ್ತಿರ ಕುರಿ ತುಂಬಿದ ಲಾರಿ ಮಗುಚಿದೆ ಎಂದು ಫೋನ್ ಬಂತು. ನಾನು, ನಮ್ಮ ಆಂಬುಲೆನ್ಸ್ ಓಡಿಸುವ ಡ್ರೈವರಣ್ಣ, ಇಬ್ಬರೇ ಹೋದೆವು. ಅದೇ, ಪ್ರತಿ ವರ್ಷ ನಿನ್ನ ಹತ್ತಿರ ಮೂರು ಸಲ ಹಾಕಿಸಿಕೊಳ್ಳುತ್ತಿದ್ದವನು. ಒಂಬತ್ತು ಕುರಿ ಬದುಕಿದ್ದವು. ಒಂದೊಂದನ್ನೇ ಅವನು ಎದೆಗೊತ್ತಿ ಎತ್ತಿಕೊಂಡು ಇಳಿಜಾರು ಹತ್ತಿದ. ತಂದು ಊಟದ ಚಪ್ಪರದ ಪಕ್ಕದ ದೊಡ್ಡಿಯಲ್ಲಿ ಬಿಟ್ಟೆವು. ನಾನು ಹೊಲಿಗೆ ಹಾಕುತ್ತಿದ್ದೆ, ಅವನು ಕಾಲು ಹಿಡಿದುಕೊಂಡಿದ್ದ. ಆಮೇಲೆ ಕೈ ತೊಳೆದು ಊಟಕ್ಕೆ ಕೂತೆವು.

ಡ್ರೈವರಣ್ಣ ತಟ್ಟೆಯ ಮುಂದೆ ಸ್ವಲ್ಪ ಹೊತ್ತು ಕೂತು, ಎದ್ದು ಹೋದ. ಮೈ ಸರಿಯಿಲ್ಲವೇನೋ ಎಂದು ನಾನು ಹಿಂದೆಯೇ ಹೋಗಿ ಕೇಳಿದೆ.

"ಏನಿಲ್ಲ ಡಾಕ್ಟ್ರಮ್ಮ," ಅಂದ. "ಬೆಳಿಗ್ಗೆ ಎತ್ಕೊಂಡಾಗ ಅದು ನನ್ನ ಕಂಕುಳಲ್ಲಿ ಮುಖ ಇಟ್ಕೊಂಡಿತ್ತು. ಆ ಬಿಸಿ ಇನ್ನೂ ಹೋಗಿಲ್ಲ. ನಾಳೆ ಮನೇಲಿ ತಿಂತೀನೋ ಏನೋ. ಇಲ್ಲಿ ಆಗ್ತಿಲ್ಲ."

ಅವನು ಯಾರನ್ನೂ ಬೈಯಲಿಲ್ಲ, ಏನನ್ನೂ ಕೇಳಲಿಲ್ಲ. ನಾನು ತಿರುಗಿ ಬಂದು ನನ್ನ ತಟ್ಟೆಯ ಮುಂದೆ ಕೂತೆ. ದೊಡ್ಡಿಯಿಂದ ಒಂದು ಕುರಿ ನಮ್ಮನ್ನೇ ನೋಡುತ್ತಿತ್ತು. ನಾನು ಅವತ್ತು ತಿಂದೆ, ಸುಳ್ಳು ಹೇಳುವುದಿಲ್ಲ. ಆದರೆ ಏನು ತಿಂದೆ ಎಂದು ಗೊತ್ತಾಗಲಿಲ್ಲ. ಆರು ತಿಂಗಳು ಅದೇ ತಲೆಯಲ್ಲಿ ಕೊರೆಯಿತು. ಕೊನೆಗೆ ಸಭೆಯಲ್ಲಿ ಬಾಯಿ ಬಿಟ್ಟೆ.

ಇಷ್ಟೇ ಕಾರಣ. ಬೇರೆ ಇಲ್ಲ.

ಅಕ್ಕ


ಜುಲೈ ೩೦

ಅಕ್ಕ,

ಪಾತ್ರೆ ಕೇಳಿದರೆ ಕಥೆ ಕಳಿಸಿದ್ದೀಯ.

ಅವತ್ತು ಡ್ರೈವರಣ್ಣ ತಟ್ಟೆ ಬಿಟ್ಟು ಎದ್ದದ್ದನ್ನು ನಾನೂ ನೋಡಿದ್ದೆ. ಉಪ್ಪು ಹೆಚ್ಚಾಯಿತೇನೋ ಎಂದು ಎರಡು ಚೊಂಬು ನೀರು ಬೆರೆಸಿದೆ. ಆಮೇಲೆ ತಿಂದವರಿಗೆಲ್ಲ ಸಪ್ಪೆಯಾಗಿರಬೇಕು. ಯಾರೂ ಹೇಳಲಿಲ್ಲ.

ಅವನ ಕಂಕುಳಿಗೆ ಒಂದು ದಿನ ಬಿಸಿ ತಾಗಿತು. ನಾನು ದಿನಾ ಎತ್ತಿಕೊಳ್ಳುತ್ತೇನೆ, ಅಕ್ಕ. ನನಗೆ ಏನೂ ಗೊತ್ತಾಗುವುದಿಲ್ಲ ಅಂತ ನಿಮ್ಮವರೆಲ್ಲ ಅಂದುಕೊಂಡಿರಬಹುದು. ನೀನೂ ಅಂದುಕೊಂಡಿದ್ದೀಯಾ?

ಇದೇ ಕಾರಣ, ಬೇರೆ ಇಲ್ಲ ಎಂದು ಬರೆದಿದ್ದೀಯ. ಬೇರೆ ಇದೆ. ನಿನ್ನ ಓದಿನ ಎರಡನೇ ವರ್ಷ ನಾನು ನಿನ್ನ ಹಾಸ್ಟೆಲಿಗೆ ಬಂದಿದ್ದೆ. ಅಮ್ಮ ಕೊಟ್ಟ ಗಂಟು ತಂದಿದ್ದೆ. ಗೇಟಿನಲ್ಲಿ ನಿನ್ನ ಜೊತೆ ಇಬ್ಬರು ಹುಡುಗಿಯರಿದ್ದರು. ಯಾರು ಇದು ಎಂದು ಅವರು ಕೇಳಿದರು. "ನಮ್ಮೂರಿನವನು" ಅಂದೆ ನೀನು. ತಪ್ಪೇನಿಲ್ಲ, ನಾನು ನಿಮ್ಮೂರಿನವನೇ. ಬಸ್ಸಿನಲ್ಲಿ ಐದು ಗಂಟೆ ಅದನ್ನೇ ಅಂದುಕೊಂಡು ಬಂದೆ.

ನಿಮ್ಮ ವಾರ್ಷಿಕ ದಿನಕ್ಕೆ ಬಂದಾಗ ತಮ್ಮ ಎಂದೇ ಕರೆಯುತ್ತೀಯ, ಇಲ್ಲವೆನ್ನುವುದಿಲ್ಲ. "ಊರಲ್ಲಿ ವ್ಯಾಪಾರ ಮಾಡ್ತಾನೆ" ಅನ್ನುತ್ತೀಯ. ಯಾವ ವ್ಯಾಪಾರ ಎಂದು ಅತಿಥಿಗಳು ಕೇಳುವುದಿಲ್ಲ, ನೀನೂ ಹೇಳುವುದಿಲ್ಲ. ಆದರೂ ನಾನು ಬರುತ್ತಿದ್ದೆ. ನಮ್ಮ ಅಂಗಡಿಯ ಮಾಲು ಆ ದೊಡ್ಡವರ ತಟ್ಟೆಗೆ ಬಿದ್ದು ಅವರು ಬೆರಳು ನೆಕ್ಕುವಾಗ, ಅಪ್ಪನ ಅಂಗಡಿಯೂ ನಿನ್ನ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತ ಹಾಗೆ ಅನಿಸುತ್ತಿತ್ತು. ಈಗ ಆ ಕುರ್ಚಿ ಎಳೆದಿದ್ದೀಯ.

ಪಾತ್ರೆ ಕಳಿಸು.

ತಮ್ಮ


ಆಗಸ್ಟ್ ೨೧

ಗಿಡ್ಡ,

ನಾಲ್ಕು ಸಲ ಬರೆದು ಹರಿದೆ. ಇದು ಐದನೆಯದು.

ನೀನು ಒಂದನ್ನು ಬಿಟ್ಟು ಬರೆದಿದ್ದೀಯ. ನಾನು "ನಮ್ಮೂರಿನವನು" ಎಂದ ಮೇಲೆ ನೀನು ಒಂದು ಕ್ಷಣ ನನ್ನ ಮುಖ ನೋಡಿದೆ. ಆಮೇಲೆ ಗಂಟನ್ನು ನನ್ನ ಕೈಗೆ ಕೊಟ್ಟು, "ನಿಮ್ಮ ಅಮ್ಮ ಕೊಟ್ಟಿದ್ದು, ಮೇಡಂ" ಎಂದೆ. ನನ್ನ ಸುಳ್ಳು ಬಯಲಾಗಬಾರದು ಎಂದು ಹದಿನೇಳು ವರ್ಷದ ನೀನು ನನ್ನನ್ನು ಮೇಡಂ ಎಂದು ಕರೆದೆ. ಅವತ್ತು ನೀನು ಹೊಸ ನೀಲಿ ಅಂಗಿ ಹಾಕಿದ್ದೆ. ಅಮ್ಮನ ಗಂಟನ್ನು ಬಿಚ್ಚಲು ನನಗೆ ಎರಡು ದಿನ ಹಿಡಿಯಿತು. ಅಷ್ಟರಲ್ಲಿ ಎಲ್ಲ ಹಳಸಿತ್ತು.

ತಪ್ಪಾಯಿತು. ಇಪ್ಪತ್ತೊಂದು ವರ್ಷ ತಡವಾಗಿ ಹೇಳುತ್ತಿದ್ದೇನೆ. ಕ್ಷಮಿಸು ಎಂದು ಕೇಳಲು ನಾಚಿಕೆಯಾಗುತ್ತದೆ, ಆದರೂ ಕೇಳುತ್ತೇನೆ.

ಹೋದ ವಾರದ ಸಭೆಯಲ್ಲಿ ಊಟದ ವಿಷಯ ಮತ್ತೆ ಬಂತು. ನಮ್ಮ ಅಧ್ಯಕ್ಷರು ನಿವೃತ್ತ ಹೆಡ್‌ಮಾಸ್ಟರು, ಒಳ್ಳೆಯವರೇ. ತರಕಾರಿ ಊಟ ಎಂದರೆ ಜನ ಬರುವುದಿಲ್ಲ ಎಂಬ ಚಿಂತೆ ಅವರಿಗೆ. ಮಾತು ಬೆಳೆದು, "ಡಾಕ್ಟ್ರೇ, ನಿಮಗೆ ಮಾಂಸ ಕಂಡ್ರೆ ಆಗಲ್ಲ, ಅದಕ್ಕೆ ಎಲ್ಲರಿಗೂ ಬೇಡ ಅಂತೀರಿ" ಅಂದರು.

ನಾನು ಎದ್ದು ನಿಂತೆ. "ನಮ್ಮದು ಮಾಂಸದಂಗಡಿ. ನಮ್ಮಪ್ಪ ನಡೆಸಿದ್ದು, ಈಗ ನನ್ನ ತಮ್ಮ ನಡೆಸ್ತಾನೆ. ಆ ಅಂಗಡಿಯಿಂದಾನೇ ನಾನು ಓದಿದ್ದು. ಊರಿಗೆ ಹೋದ್ರೆ ಅಮ್ಮ ಮಾಡಿದ್ದನ್ನ ತಿಂತೀನಿ. ತಿನ್ನೋರನ್ನ ಕೀಳು ಅಂತ ನಾನು ಅನ್ನೋಕೆ ಸಾಧ್ಯಾನೇ ಇಲ್ಲ. ಈ ಅಂಗಳದಲ್ಲಿ ಈ ಒಂದು ದಿನ ಬೇಡ ಅಂತ ಅಷ್ಟೇ ನಾನು ಕೇಳ್ತಿರೋದು."

ಅಧ್ಯಕ್ಷರು ಮುಂದಿನ ವಿಷಯಕ್ಕೆ ಪುಟ ತಿರುಗಿಸಿದರು. ಆಮೇಲೆ ಕಾಫಿ ಬಂತು.

ಕುರ್ಚಿ ನಾನು ಎಳೆಯಲಿಲ್ಲ, ಗಿಡ್ಡ. ಆದರೆ ನಿನಗೆ ಹಾಗೆ ಅನಿಸುವಂತೆ ಮಾಡಿದವಳು ನಾನೇ. ಬರುವ ವಾರ ಡ್ರೈವರಣ್ಣ ನಿಮ್ಮ ಕಡೆ ಬರುತ್ತಾನೆ. ಪಾತ್ರೆ, ಸೌಟು, ಒಲೆ ಎಲ್ಲ ಉಜ್ಜಿ ಇಟ್ಟಿದ್ದೇನೆ, ಅವನ ಗಾಡಿಗೆ ಹಾಕಿಸುತ್ತೇನೆ. ನಿನ್ನ ವಸ್ತು, ಹಿಡಿದಿಟ್ಟುಕೊಳ್ಳುವ ಹಕ್ಕು ನನಗಿಲ್ಲ.

ಅಕ್ಕ


ಸೆಪ್ಟೆಂಬರ್ ೧೫

ಅಕ್ಕ,

ಡ್ರೈವರಣ್ಣ ಬಂದಿದ್ದ. ಪಾತ್ರೆ ಇಳಿಸಿ ಟೀ ಕುಡಿದ. ಅಂಗಡಿಯ ಹಿಂದೆ ಕುರಿಗಳಿವೆಯಾ, ನೋಡಬಹುದಾ ಎಂದು ಕೇಳಿದ. ಏನು ಉಪದೇಶ ಮಾಡುತ್ತಾನೋ ಎಂದು ನಾನು ಮೈಯೆಲ್ಲ ಬಿಗಿ ಮಾಡಿಕೊಂಡು ಹಿಂದೆ ನಡೆದೆ. ಅವನು ನೀರಿನ ತೊಟ್ಟಿ ನೋಡಿದ, ನೆರಳು ನೋಡಿದ. "ಚೆನ್ನಾಗಿ ಇಟ್ಕೊಂಡಿದೀರಿ" ಅಂದ. ಅಷ್ಟೇ.

ಅಲ್ಲೇ ಅಪ್ಪನ ಕಲ್ಲಿನ ಬೆಂಚು ಇದೆ. ಅದರ ಮೇಲೆ ಕೂತು, ಇದ್ಯಾಕೆ ಗೋಡೆ ಕಡೆ ತಿರುಗಿಸಿ ಹಾಕಿದ್ದೀರಿ, ಕೂತರೆ ಬರೀ ಗೋಡೆ ಕಾಣುತ್ತದಲ್ಲ ಎಂದ. ಹೇಳಲು ಬಾಯಿ ತೆರೆದಾಗ ಕಾರಣ ನೆನಪಾಯಿತು.

ನೀನು ಬೇಗ ಹಾಸ್ಟೆಲಿಗೆ ಹೋದವಳು, ನಿನಗೆ ನೆನಪಿದೆಯೋ ಇಲ್ಲವೋ. ಅಪ್ಪ ಮಧ್ಯಾಹ್ನದ ಊಟಕ್ಕೆ ಅಲ್ಲಿ ಕೂರುತ್ತಿದ್ದ. ಯಾವತ್ತೂ ದೊಡ್ಡಿಗೆ ಬೆನ್ನು ಹಾಕಿಯೇ. ನಾನು ಒಮ್ಮೆ ತಟ್ಟೆ ಹಿಡಿದುಕೊಂಡು ದೊಡ್ಡಿಯ ಬೇಲಿಗೆ ಒರಗಿ ತಿನ್ನುತ್ತಿದ್ದೆ. ಅಪ್ಪ ಕೈ ಹಿಡಿದು ಎಳೆದುಕೊಂಡು ಬಂದು ಕೂರಿಸಿದ. "ಅದರ ಕಣ್ಣೆದುರಿಗೆ ತಿನ್ಬೇಡ ಕಣೋ. ಅಷ್ಟಾದ್ರೂ ಮರ್ಯಾದೆ ಇರಲಿ" ಎಂದ. ಅಪ್ಪನ ಬಾಯಲ್ಲಿ ಆ ಮಾತು ಮತ್ತೆ ಕೇಳಲಿಲ್ಲ, ಆದರೆ ನಾನೂ ಮತ್ತೆ ಹಾಗೆ ತಿನ್ನಲಿಲ್ಲ. ಇವತ್ತಿಗೂ ಗೋಡೆ ನೋಡಿಕೊಂಡೇ ಉಣ್ಣುತ್ತೇನೆ. ಯಾಕೆ ಎಂದು ಯೋಚಿಸುವುದನ್ನು ಬಿಟ್ಟು ಎಷ್ಟೋ ಕಾಲವಾಗಿತ್ತು.

ಏಳು ವರ್ಷ ನಿಮ್ಮ ದೊಡ್ಡಿಯ ಪಕ್ಕದಲ್ಲೇ ಚಪ್ಪರ ಹಾಕಿಸಿ ಬಡಿಸಿದ್ದೇನೆ. ಅಪ್ಪ ಇದ್ದಿದ್ದರೆ ಕಿವಿ ಹಿಂಡುತ್ತಿದ್ದ.

ಡ್ರೈವರಣ್ಣನಿಗೆ ಇನ್ನೊಂದು ಟೀ ಕೊಟ್ಟೆ. ಪಾತ್ರೆ, ಸೌಟು, ಒಲೆ, ಮೂರನ್ನೂ ಅವನ ಗಾಡಿಗೇ ವಾಪಸ್ ಹಾಕಿದ್ದೇನೆ. ಅವನು, "ಇದನ್ನ ಇಳಿಸೋಕೆ ಬಂದಿದ್ನೋ ಹತ್ತಿಸೋಕೆ ಬಂದಿದ್ನೋ" ಎಂದು ಗೊಣಗಿಕೊಂಡು ಹೋದ.

ತರಕಾರಿ ಅಡುಗೆಯಾದರೂ ಬೇರೆ ಯಾರೋ ಬಂದು ನನ್ನ ಪಾತ್ರೆಯಲ್ಲಿ ಸೌಟು ಆಡಿಸುವುದು ಬೇಡ. ನಾನೇ ಬರುತ್ತೇನೆ. ಅಂಗಡಿ ಮುಚ್ಚುವುದಿಲ್ಲ, ಅದನ್ನು ಕೇಳಲೂ ಬೇಡ.

ಹಾಸ್ಟೆಲಿನ ವಿಷಯ ಇನ್ನು ಎತ್ತಬೇಡ. ಬರೆದೆಯಲ್ಲ, ಸಾಕು.

ಗಿಡ್ಡ


ಅಕ್ಟೋಬರ್ ೧೩

ಅಕ್ಕ,

ಒಪ್ಪಿಕೊಂಡದ್ದು ಸುಲಭ, ಮಾಡುವುದು ಕಷ್ಟ ಎಂದು ಈಗ ಗೊತ್ತಾಗಿದೆ. ಮಾಂಸ ಒಲೆಯ ಮೇಲಿಟ್ಟರೆ ಅರ್ಧ ಕೆಲಸ ಅದೇ ಮಾಡುತ್ತದೆ. ತರಕಾರಿ ಹಾಗಲ್ಲ, ಒಂದು ಕ್ಷಣ ಕಣ್ಣು ಬೇರೆ ಕಡೆ ಹೋದರೆ ಮುನಿಸಿಕೊಳ್ಳುತ್ತದೆ.

ಮೊದಲ ಸಲ ಎರಡು ಬುಟ್ಟಿ ಅಣಬೆ ತಂದು ನಮ್ಮ ಮಸಾಲೆ ಹಾಕಿ ಬೇಯಿಸಿದೆ. ನೀರು ಬಿಟ್ಟು ಬಿಟ್ಟು ಕೊನೆಗೆ ಒಂದು ಬಟ್ಟಲಾಯಿತು. ಅಮ್ಮ ಬಾಯಿಗಿಟ್ಟು, "ಇದು ಜ್ವರ ಬಂದೋರ ಊಟ" ಎಂದಳು. ಎರಡನೆಯ ಸಲ ಖಾರ ಹೆಚ್ಚು ಮಾಡಿದೆ. "ಈಗ ಜ್ವರ ಬರಿಸೋ ಊಟ" ಎಂದಳು. ನನ್ನ ಹೆಂಡತಿ ಆಚೆ ಹೋಗಿ ನಕ್ಕಳು.

ಹತ್ತು ದಿನ ಯೋಚಿಸಿದೆ. ಜನ ನನ್ನ ಊಟದಲ್ಲಿ ಬಯಸುವುದು ಏನು? ಹುರಿದ ಮಸಾಲೆಯ ಘಮ, ಕೆಂಡದ ವಾಸನೆ, ಹಲ್ಲಿಗೆ ಸ್ವಲ್ಪ ಕೆಲಸ. ಹಾಗಾಗಿ ಈಗ ಬದನೆಕಾಯಿಯನ್ನು ಇಡಿಯಾಗಿ ಕೆಂಡದ ಮೇಲೆ ಸುಟ್ಟು, ಆಮೇಲೆ ಮಸಾಲೆಗೆ ಬಿಡುತ್ತೇನೆ. ಅಣಬೆಯನ್ನು ಮೊದಲೇ ಒಣ ಬಾಣಲೆಯಲ್ಲಿ ಹುರಿದು ಅದರ ಅಹಂಕಾರ ಇಳಿಸುತ್ತೇನೆ. ಕಡಲೆಕಾಳನ್ನು ಹಿಂದಿನ ದಿನವೇ ನೆನೆಸಿ, ಬೇಯಿಸಿ, ಒಂದಿಷ್ಟನ್ನು ಜಜ್ಜಿ ಹಾಕಿದರೆ ಸಾರು ದಪ್ಪಗಾಗುತ್ತದೆ. ಮೂಳೆ ಬೇಯಿಸಿದ ಸಾರಿನಷ್ಟು ಅಲ್ಲ, ಆದರೆ ತನ್ನದೇ ಒಂದು ತೂಕವಿದೆ.

ನಿನ್ನೆ ಅಮ್ಮ ತಟ್ಟೆ ಒರೆಸಿದ ಹಾಗೆ ಉಂಡಳು. ಎರಡನೆಯ ಸಲ ಹಾಕು ಎನ್ನಲಿಲ್ಲ, ತಟ್ಟೆಯನ್ನು ಮಾತ್ರ ಮುಂದಕ್ಕೆ ತಳ್ಳಿದಳು.

ನಿಮ್ಮ ಅಧ್ಯಕ್ಷರಿಗೆ ಹೇಳು, ಇನ್ನೂರು ಜನಕ್ಕೆ ಸಿದ್ಧ.

ಗಿಡ್ಡ


ಅಕ್ಟೋಬರ್ ೨೨

ಗಿಡ್ಡ,

ಅಧ್ಯಕ್ಷರಿಗೆ ಹೇಳಿದೆ. "ಅಂಗಡಿಯವನೇ ತರಕಾರಿ ಬೇಯಿಸ್ತಾನಾ?" ಎಂದು ಎರಡು ಸಲ ಕೇಳಿದರು. ಯಾವುದಕ್ಕೂ ಇರಲಿ ಎಂದು ಒಂದು ಹೋಟೆಲಿನವರಿಗೆ ಮಾಂಸದ ಊಟ ಸಿದ್ಧವಿರಲಿ, ಹೇಳಿ ಕಳಿಸುತ್ತೇನೆ ಎಂದಿದ್ದಾರಂತೆ. ನನಗೆ ಗೊತ್ತಿಲ್ಲ ಅಂದುಕೊಂಡಿದ್ದಾರೆ.

ಚಪ್ಪರದ ಜಾಗ ನೀನೇ ಹೇಳು.

ಅಕ್ಕ


ನವೆಂಬರ್ ೨೬

ಗಿಡ್ಡ,

ನೀನು ಬಸ್ಸು ಹಿಡಿಯಲು ಓಡಿದೆ. ನಿನ್ನ ಕಣ್ಣಿಗೆ ಬೀಳದೆ ಏನೇನಾಯಿತು ಎಂದು ನಿನಗೆ ಗೊತ್ತಾಗಬೇಕಲ್ಲ.

ಮೊದಲು ಕಹಿಯದ್ದು ಹೇಳುತ್ತೇನೆ. ಹದಿನೆಂಟು ಜನ ಊಟ ಮಾಡದೆ ಹೋದರು. ಬಾಗಿಲಲ್ಲಿ ನಿಂತು ಲೆಕ್ಕ ಮಾಡಿದ್ದು ಅಧ್ಯಕ್ಷರೇ. ಒಬ್ಬರು, ಇದಕ್ಕೆ ಇಷ್ಟು ದೂರ ಬರಬೇಕಿತ್ತಾ ಎಂದು ಕೇಳಿಸುವ ಹಾಗೆಯೇ ಹೇಳಿದರು. ಕಾರ್ಯದರ್ಶಿಯ ಮುಖ ಬಾಡಿತು.

ಮಿಕ್ಕವರು ಕೂತರು. ಮೊದಲ ಸಾಲಿನವರು ಅನುಮಾನದಿಂದಲೇ ಸ್ವಲ್ಪ ಸ್ವಲ್ಪ ಹಾಕಿಸಿಕೊಂಡರು. ನೀನು ಸುಟ್ಟ ಬದನೆಕಾಯಿ ಎರಡನೆಯ ಸಾಲಿಗೆ ಹೋಗುವ ಹೊತ್ತಿಗೆ ಮೊದಲ ಸಾಲಿನವರು ಕುರ್ಚಿ ಬಿಡಲು ಒಪ್ಪಲಿಲ್ಲ. ಅದನ್ನು ನೀನೂ ನೋಡಿದೆ. ನೀನು ನೋಡದೆ ಇದ್ದದ್ದು: ಅಧ್ಯಕ್ಷರು ಎರಡು ಸಲ ಉಂಡು, ಗೇಟಿನ ಆಚೆ ಹೋಗಿ ಹೋಟೆಲಿಗೆ ಫೋನ್ ಮಾಡಿ, ಏನೂ ಕಳಿಸಬೇಡಿ ಎಂದರು. ತಿರುಗಿದರೆ ನಾನು ನಿಂತಿದ್ದೆ. "ಗಾಳಿ ಚೆನ್ನಾಗಿದೆ" ಎಂದು ಒಳಗೆ ಹೋದರು.

ಚಪ್ಪರ ಹಳೆಯ ಜಾಗದಲ್ಲೇ ಇರಲಿ ಎಂದಿದ್ದೆಯಲ್ಲ, ಡ್ರೈವರಣ್ಣ ದೊಡ್ಡಿಯ ಬೇಲಿಯ ಹತ್ತಿರವೇ ಕುರ್ಚಿ ಎಳೆದುಕೊಂಡು ಕೂತು ಉಂಡ. ಲಾರಿಯಿಂದ ತಂದ ಕುರಿಗಳಲ್ಲಿ ಒಂದು ಬೇಲಿಯಿಂದ ಮೂತಿ ಹೊರಗೆ ಹಾಕಿತ್ತು. ಅವನು ಒಂದು ತುಂಡು ಸೌತೆಕಾಯಿ ಕೊಟ್ಟ. ನಾನೂ ನನ್ನ ತಟ್ಟೆ ತೆಗೆದುಕೊಂಡು ಅಲ್ಲಿಗೇ ಹೋಗಿ ಕೂತೆ. ಹೋದ ವರ್ಷದ ಹಾಗಲ್ಲ, ಈ ಸಲ ರುಚಿ ನೋಡಿಕೊಂಡು ಉಂಡೆ.

ಪಕ್ಕದ ಊರಿನಲ್ಲಿ ನಮ್ಮಂಥದೇ ಇನ್ನೊಂದು ಕೇಂದ್ರವಿದೆ. ಅವರ ಕಾರ್ಯದರ್ಶಿ ಬಂದಿದ್ದರು, ತೆಳ್ಳಗಿನ ಹೆಂಗಸು, ಕನ್ನಡಕ. ಅಡುಗೆಯವರ ವಿಳಾಸ ಕೇಳಿದರು. "ನನ್ನ ತಮ್ಮ, ಮಾಂಸದಂಗಡಿ ನಡೆಸ್ತಾನೆ" ಎಂದು ವಿಳಾಸ ಬರೆದುಕೊಟ್ಟೆ. ಅವರು ಚೀಟಿಯನ್ನು ಎರಡು ಸಲ ಓದಿಕೊಂಡರು.

ಕೈ ಸುಟ್ಟುಕೊಂಡಿದ್ದೆಯಲ್ಲ, ಮುಲಾಮು ಹಚ್ಚು. ನಾನು ಕೊಟ್ಟದ್ದು ದನಗಳದ್ದಲ್ಲ, ಮನುಷ್ಯರದ್ದೇ.

ಅಕ್ಕ


ಜನವರಿ ೧೮

ಅಕ್ಕ,

ಕೈ ವಾಸಿಯಾಗಿದೆ. ನಿನ್ನ ಕನ್ನಡಕದ ಹೆಂಗಸು ಅಂಗಡಿಗೆ ಬಂದಿದ್ದರು. ತೊಡೆ, ಪಕ್ಕೆ ಎಲ್ಲ ನೇತುಹಾಕಿದ್ದೆ, ಕೊಳ್ಳುವವರೂ ಇದ್ದರು. ಅವರು ಎಲ್ಲಿ ನೋಡಬೇಕೋ ತಿಳಿಯದೆ ತಕ್ಕಡಿಯನ್ನೇ ನೋಡುತ್ತ ನಿಂತರು. ಎಷ್ಟು ಕೊಡಲಿ ಎಂದು ನನ್ನ ಹೆಂಡತಿ ಕೇಳಿದಳು. "ಬದನೆಕಾಯಿ ವಿಚಾರ ಮಾತಾಡ್ಬೇಕಿತ್ತು" ಎಂದರು. ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು.

ಅವರ ಕೇಂದ್ರದಲ್ಲೂ ಇದೇ ಜಗಳವಂತೆ. ಅರ್ಧ ಜನ ಬೇಕು, ಅರ್ಧ ಜನ ಬೇಡ. ನೀವೇ ಬಂದು ನಾಲ್ಕು ಮಾತು ಹೇಳಿ ಎಂದರು. ನಾನು ಸಭೆಗೆಲ್ಲ ಹೋದವನಲ್ಲ, ಅಕ್ಕನನ್ನು ಕರೆಯಿರಿ ಎಂದೆ. ಡಾಕ್ಟರು ಹೇಳುವುದು ಗೊತ್ತೇ ಇದೆ, ನೀವು ಹೇಳಿದರೆ ಕೇಳುತ್ತಾರೆ ಎಂದರು. ಹೋದೆ. ಇಸ್ತ್ರಿ ಅಂಗಿ ಹಾಕಿಕೊಂಡು ಹೋದೆ.

ಉದ್ದ ಮೇಜು, ಹನ್ನೆರಡು ಜನ. ಮೂಲೆಯಲ್ಲಿದ್ದ ಒಬ್ಬ ದೊಡ್ಡ ಮನುಷ್ಯ, "ನೀವೇ ಮಾರೋರು. ನೀವ್ಯಾಕೆ ಬೇಡ ಅಂತೀರಿ?" ಎಂದ. ಅಭ್ಯಾಸ ಮಾಡಿಕೊಂಡು ಹೋದದ್ದೆಲ್ಲ ಮರೆತುಹೋಯಿತು. ಬಂದದ್ದನ್ನು ಹೇಳಿದೆ.

"ನನ್ನ ಅಂಗಡಿಗೆ ಬರೋರಿಗೆ ನಾನು ಏನು ಮಾರ್ತೀನಿ ಅಂತ ಗೊತ್ತು. ಬಾಗಿಲಲ್ಲೇ ನೇತುಹಾಕಿರ್ತೀನಿ, ಮುಚ್ಚುಮರೆ ಇಲ್ಲ. ನಿಮ್ಮ ಬಾಗಿಲಿಗೆ ಬರೋರು ಬೇರೇದನ್ನ ನಂಬ್ಕೊಂಡು ಬರ್ತಾರೆ. ಕುಂಟೋ ಕುರೀನ ನಿಮ್ಮ ಕೈಗೆ ಕೊಟ್ಟು ಹೋಗೋರು, ಊಟದ ದಿನ ಬಂದು ನಿಮ್ಮ ಪಾತ್ರೆ ಕಡೆ ಅನುಮಾನದಿಂದ ನೋಡೋ ಹಾಗಾಗಬಾರದು. ನಿಮ್ಮ ಮನೇಲಿ ಏನಾದ್ರೂ ತಿನ್ನಿ, ನನ್ನ ಹತ್ತಿರಾನೇ ತಗೊಳ್ಳಿ. ಇಲ್ಲಿ ಮಾತ್ರ ಬೇಡ."

ಹಾಗಾದರೆ ನಿಮ್ಮ ಅಂಗಡಿ ಯಾವಾಗ ಮುಚ್ಚುತ್ತೀರಿ ಎಂದು ಇನ್ನೊಬ್ಬರು ಕೇಳಿದರು. ಮುಚ್ಚುವುದಿಲ್ಲ ಎಂದೆ. ಅದು ಅವರಿಗೆ ಹಿಡಿಸಲಿಲ್ಲ. ಸುಳ್ಳು ಹೇಳಿ ಹಿಡಿಸುವಂತೆ ಮಾಡುವುದು ನನಗೂ ಬೇಕಿರಲಿಲ್ಲ. ಆ ದೊಡ್ಡ ಮನುಷ್ಯ ಮಾತ್ರ ನಗುತ್ತ, ಒಂದು ವರ್ಷ ನೋಡೋಣ, ಊಟ ಚೆನ್ನಾಗಿಲ್ಲದಿದ್ದರೆ ಇವನನ್ನೇ ಕೇಳೋಣ ಎಂದ. ಕೈ ಎತ್ತಿದವರು ಏಳು ಜನ. ಸಾಕಾಯಿತು.

ಅವರ ದಿನ ಬರುವ ತಿಂಗಳ ಎರಡನೇ ಭಾನುವಾರ. ಭಾನುವಾರ ನಮ್ಮ ಅಂಗಡಿಗೆ ಎಂಥ ದಿನ ಎಂದು ನಿನಗೆ ಗೊತ್ತು. ಹೆಂಡತಿ ನೋಡಿಕೊಳ್ಳುತ್ತಾಳೆ ಅಂದುಕೊಂಡಿದ್ದೆ. ಅವಳು, ಮಸಾಲೆ ಹುರಿಯುವುದು ನಾನು, ನಾನೂ ಬರುತ್ತೇನೆ ಎಂದಳು. ಅಮ್ಮ, ಉಪ್ಪು ನೋಡಲು ಯಾರಿದ್ದಾರೆ ಎಂದು ಮಂಡಿಗೆ ಎಣ್ಣೆ ಹಚ್ಚಿಕೊಳ್ಳಲು ಶುರು ಮಾಡಿದ್ದಾಳೆ. ಹಾಗಾಗಿ ಅವತ್ತು ಅಂಗಡಿಗೆ ಬೀಗ. ಅಪ್ಪ ತೀರಿಕೊಂಡ ವಾರ ಬಿಟ್ಟರೆ ಭಾನುವಾರ ಬೀಗ ಹಾಕಿದ್ದಿಲ್ಲ.

ಮೊದಲೇ ತಿಳಿದಿರಲಿ ಎಂದು ದರ ಬರೆಯುವ ಹಲಗೆಯ ಕೆಳಗೆ ಸೀಮೆಸುಣ್ಣದಲ್ಲಿ ಬರೆದಿದ್ದೇನೆ: "ಎರಡನೇ ಭಾನುವಾರ ರಜೆ. ತರಕಾರಿ ಊಟ ಬಡಿಸಲು ಹೋಗುತ್ತೇವೆ." ಓದಿದವರೆಲ್ಲ ನಗುತ್ತಾರೆ. ನಗಲಿ. ಮೂವತ್ತು ವರ್ಷದಿಂದ ನಮ್ಮಲ್ಲೇ ಕೊಳ್ಳುವ ದರ್ಜಿ ತಾತ ಮಾತ್ರ ನಗದೆ ಪೂರ್ತಿ ಓದಿ, "ನಮ್ಮನ್ನೂ ಬಿಡ್ತಾರೇನಪ್ಪ ಅಲ್ಲಿಗೆ?" ಎಂದು ಕೇಳಿದ. ಬನ್ನಿ ಎಂದೆ. ಅವನ ಹಿಂದೆ ನಿಂತಿದ್ದ ಇಬ್ಬರು, ನಾವೂ ಬರುತ್ತೇವೆ ಎಂದರು.

ಕನ್ನಡಕದ ಮೇಡಂಗೆ ಫೋನ್ ಮಾಡಿ ಅಕ್ಕಿ ಇನ್ನೂ ಹತ್ತು ಸೇರು ಹೆಚ್ಚಿಗೆ ತರಿಸಲು ಹೇಳು. ನೀನೂ ಬೇಗ ಬಾ, ಬದನೆಕಾಯಿ ತೊಳೆಯಲು ಕೈ ಕಡಿಮೆ ಇದೆ.

ಗಿಡ್ಡ